ತಿದ್ದುವುದು ಎಂಬ ವಿದ್ಯೆ

ಕನ್ನಡದಲ್ಲಿ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಎರಡು ಕೆಲಸ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವುದು, ಮೇಷ್ಟರು ಸ್ಲೇಟಿನಲ್ಲಿ ಬರೆದುಕೊಟ್ಟ ‘ಅ’ದ ಮೇಲೆ ಬಳಪವನ್ನು ಮತ್ತೆ ಮತ್ತೆ ಓಡಿಸುವುದು, ಇವೆರಡೂ ತಿದ್ದುವುದೇ. ಬರೆದದ್ದರಲ್ಲಿ ತಪ್ಪು ಕಂಡು ಸರಿಪಡಿಸಿದರೆ ಅದೂ ತಿದ್ದುವುದೇ. ಮೊದಲನೆಯದರಲ್ಲಿ ಇನ್ನೊಬ್ಬರು ಎಳೆದ ಗೆರೆಯನ್ನು ನಂಬಿ ನಡೆಯಬೇಕು. ಎರಡನೆಯದರಲ್ಲಿ ತಾನೇ ಎಳೆದ ಗೆರೆಯನ್ನು ಅನುಮಾನಿಸಬೇಕು. ಶಾಲೆಯ ಓದು ಬಹುಮಟ್ಟಿಗೆ ಮೊದಲ ಅರ್ಥದಲ್ಲಿ ನಡೆಯುತ್ತದೆ. ಶಾಲೆಯ ಆಚೆಗೆ, ಬದುಕಿನುದ್ದಕ್ಕೂ ಸಾಗುವ ಕಲಿಕೆ ಎರಡನೆಯ ಅರ್ಥಕ್ಕೆ ಸೇರಿದ್ದು. ಜ್ಞಾನಾಧಾರಿತ ಸಮಾಜ ಎಂಬ ಭಾರವಾದ ಮಾತಿನ ತಿರುಳೂ ಈ ಎರಡನೆಯ ಅರ್ಥದಲ್ಲೇ ಅಡಗಿದೆ. ಕರ್ನಾಟಕದ ದಕ್ಷಿಣದ ತುದಿಯಲ್ಲಿ, ತಮಿಳುನಾಡು ಮತ್ತು ಕೇರಳಗಳಿಗೆ ಅಂಟಿಕೊಂಡಿರುವ ಚಾಮರಾಜನಗರ ಜಿಲ್ಲೆಯ ಹೊಲ, ಹಾಡು, ಕಾಡುಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ಮುಂಗಾರಿನ ತಿಂಗಳುಗಳಲ್ಲಿ ಗುಂಡ್ಲುಪೇಟೆಯಿಂದ ಊಟಿಯ ಕಡೆಗೂ ವಯನಾಡಿನ ಕಡೆಗೂ ಹೋಗುವ ರಸ್ತೆಗಳ ಇಕ್ಕೆಲದಲ್ಲಿ ಚೆಂಡು ಹೂವಿನ ಹೊಲಗಳು ಕೇಸರಿ ಬಣ್ಣಕ್ಕೆ ತಿರುಗುತ್ತವೆ. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ಈ ಹೂವಿನಲ್ಲಿ ದೊಡ್ಡ ಪಾಲು ದೇವರ ಮುಡಿಗೋ ಮದುವೆಯ ಚಪ್ಪರಕ್ಕೋ ಹೋಗುವುದಿಲ್ಲ. ಕಂಪನಿಗಳೊಂದಿಗೆ ಮೊದಲೇ ಮಾಡಿಕೊಂಡ ಒಪ್ಪಂದದ ಮೇಲೆ ಬೆಳೆದ ಹೂ ಕಾರ್ಖಾನೆ ಸೇರಿ, ಅಲ್ಲಿ ಹುದುಗಿ, ಒಣಗಿ, ಲೂಟೀನ್ ಎಂಬ ಹಳದಿ ವರ್ಣದ್ರವ್ಯವನ್ನು ಬಿಟ್ಟುಕೊಡುತ್ತದೆ. ಕೋಳಿಯ ಆಹಾರಕ್ಕೆ ಬೆರೆಸಿದರೆ ಲೂಟೀನ್ ಮೊಟ್ಟೆಯ ಹಳದಿಗೆ ಗಾಢ ಬಣ್ಣ ಕೊಡುತ್ತದೆ. ಮನುಷ್ಯನ ಅಕ್ಷಿಪಟಲದ ನಡುವೆ, ನೋಟ ಅತ್ಯಂತ ತೀಕ್ಷ್ಣವಾಗಿರುವ ಚುಕ್ಕೆಯಲ್ಲಿ ಸಹಜವಾಗಿಯೇ ಇರುವ ವಸ್ತುವೂ ಅದೇ. ಹಾಗಾಗಿ ಕಣ್ಣಿನ ಪೋಷಣೆಯ ಮಾತ್ರೆಗಳಲ್ಲಿಯೂ ಅದಕ್ಕೆ ಸ್ಥಾನವಿದೆ. ಈ ಗಿಡದ ತವರು ಮೆಕ್ಸಿಕೊ ಮತ್ತು ಅದರ ಸುತ್ತಲಿನ ನಾಡು.

ರಾಗಿ, ಜೋಳ, ಹುರುಳಿಗಳನ್ನು ಮಳೆಯ ಲೆಕ್ಕದಲ್ಲಿ ಬೆಳೆದು ಬಂದ ಮನೆತನವೊಂದು ಈ ಬೆಳೆಗೆ ಇಳಿದಾಗ ಕಲಿಯಬೇಕಾದದ್ದು ಒಂದೆರಡಲ್ಲ. ಸಸಿಮಡಿ ಮಾಡುವ ಹೊತ್ತು, ಸಾಲಿನಿಂದ ಸಾಲಿಗೆ ಬಿಡಬೇಕಾದ ಅಂತರ, ಕವಲು ಹೆಚ್ಚಲೆಂದು ಕುಡಿ ಚಿವುಟುವ ಹದ, ಕೀಳಬೇಕಾದ ಹೂವಿನ ಬಲಿತ ಮಟ್ಟ, ಒಪ್ಪಂದದ ಕಾಗದದಲ್ಲಿರುವ ತೂಕ ಮತ್ತು ದರದ ಮಾತುಗಳು ಇವೆಲ್ಲ ಅದರಲ್ಲಿ ಸೇರಿವೆ. ಇವುಗಳಲ್ಲಿ ಒಂದೂ ಆ ರೈತನ ಬಾಲ್ಯದ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಹೊಲ ಅದೇ, ಮಣ್ಣು ಅದೇ, ಮಳೆಯೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಹೊಲಕ್ಕೆ ಬೇಕಾದ ತಿಳಿವಳಿಕೆ.

ಜ್ಞಾನಾಧಾರಿತ ಸಮಾಜ ಎಂಬುದರ ಸರಳ ವಿವರಣೆ ಇಷ್ಟೇ: ಭೂಮಿ, ಬಂಡವಾಳ, ದುಡಿಮೆಗಳ ಜೊತೆಗೆ, ಎಷ್ಟೋ ಸಲ ಅವುಗಳಿಗಿಂತ ಮಿಗಿಲಾಗಿ, ತಿಳಿವಳಿಕೆಯೇ ಉತ್ಪಾದನೆಯ ಸಾಧನವಾಗಿರುವ ಸಮಾಜ ಅದು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಚಿಂತಕ ಪೀಟರ್ ಡ್ರಕರ್ 1969ರ ತಮ್ಮ ಪುಸ್ತಕವೊಂದರಲ್ಲಿ ಈ ಕಲ್ಪನೆಯನ್ನು ಬೆಳೆಸಿದರು. 1972ರಲ್ಲಿ ಎಡ್ಗರ್ ಫೋರ್ ಅವರ ನೇತೃತ್ವದ ಯುನೆಸ್ಕೊ ಆಯೋಗ, ಶಿಕ್ಷಣವನ್ನು ಬಾಲ್ಯ ಮತ್ತು ಯೌವನಗಳಿಗೆ ಕಟ್ಟಿಹಾಕದೆ ಇಡೀ ಆಯುಷ್ಯಕ್ಕೆ ಹರಡಬೇಕೆಂದು ಹೇಳಿತು. 1996ರಲ್ಲಿ ಜಾಕ್ ಡೆಲೋರ್ ಅವರ ಆಯೋಗ ಕಲಿಕೆಗೆ ನಾಲ್ಕು ಕಂಬಗಳನ್ನು ಗುರುತಿಸಿತು: ತಿಳಿಯಲು ಕಲಿಯುವುದು, ಮಾಡಲು ಕಲಿಯುವುದು, ಕೂಡಿ ಬಾಳಲು ಕಲಿಯುವುದು, ತಾನಾಗಿರಲು ಕಲಿಯುವುದು. ಕರ್ನಾಟಕವೂ 2008ರಲ್ಲಿ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯಲ್ಲಿ ಜ್ಞಾನ ಆಯೋಗವನ್ನು ರಚಿಸಿತು. ಈ ವರದಿಗಳೆಲ್ಲದರ ಹಿಂದೆ ಒಂದು ಲೆಕ್ಕಾಚಾರವಿದೆ. ತಿಳಿವಳಿಕೆ ಒಂದು ತಲೆಮಾರಿನ ಆಯುಷ್ಯದೊಳಗೇ ಬದಲಾಗತೊಡಗಿದಾಗ, ಇಪ್ಪತ್ತರ ವಯಸ್ಸಿಗೆ ಮುಗಿಯುವ ಶಿಕ್ಷಣ ಅರವತ್ತರವರೆಗೆ ಸಾಲದು.

ಚಾಮರಾಜನಗರಕ್ಕೆ ಈ ಲೆಕ್ಕ ಇನ್ನಷ್ಟು ಬಿಗಿಯಾಗಿದೆ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ರೂಪುಗೊಂಡ ಈ ಜಿಲ್ಲೆಯಲ್ಲಿ 2011ರ ಜನಗಣತಿಯ ಪ್ರಕಾರ ಸಾಕ್ಷರತೆ ಶೇ 61.43. ರಾಜ್ಯದ ಸರಾಸರಿ ಆಗ ಶೇ 75.36. ಯಾದಗಿರಿ ಮತ್ತು ರಾಯಚೂರುಗಳನ್ನು ಬಿಟ್ಟರೆ ರಾಜ್ಯದಲ್ಲಿ ಅತಿ ಕಡಿಮೆ ಸಾಕ್ಷರತೆ ಇಲ್ಲಿಯದು. ಮಹಿಳೆಯರಲ್ಲಿ ಅದು ಶೇ 55ರ ಆಸುಪಾಸಿನಲ್ಲಿತ್ತು. ಏಳು ವರ್ಷ ದಾಟಿದ ವ್ಯಕ್ತಿ ಯಾವುದಾದರೂ ಒಂದು ಭಾಷೆಯನ್ನು ಅರ್ಥವಾಗುವಂತೆ ಓದಿ ಬರೆಯಬಲ್ಲರೆ ಜನಗಣತಿ ಆತನನ್ನು ಸಾಕ್ಷರನೆಂದು ಎಣಿಸುತ್ತದೆ. ಹಾಗೆ ಎಣಿಕೆಗೆ ಸಿಗದವರು ಲಕ್ಷಗಳಲ್ಲಿದ್ದರು, ಅವರಲ್ಲಿ ಬಹುಪಾಲು ಶಾಲೆಯ ವಯಸ್ಸು ದಾಟಿದವರು.

ಆದರೆ ಜನಗಣತಿಯ ಆ ಖಾನೆ ಕಲಿಕೆಯನ್ನು ಅಳೆಯುವುದಿಲ್ಲ, ಅಕ್ಷರವನ್ನು ಮಾತ್ರ ಅಳೆಯುತ್ತದೆ. ಮಂಟೇಸ್ವಾಮಿ, ಸಿದ್ಧಪ್ಪಾಜಿಯರ ಕಥೆಯನ್ನು ತಂಬೂರಿ ಹಿಡಿದು ಇರುಳಿಡೀ ಹಾಡುವ ನೀಲಗಾರರೂ, ಮಾದಪ್ಪನ ಮಹಿಮೆಯನ್ನು ಕಂಸಾಳೆಯ ತಾಳಕ್ಕೆ ಹಾಡುವ ದೇವರಗುಡ್ಡರೂ ಈ ನೆಲದವರು. ಮುದ್ರಿಸಿದರೆ ನೂರಾರು ಪುಟಗಳಾಗುವ ಕಾವ್ಯಗಳು ಓದುಬರಹ ಬಾರದ ಎಷ್ಟೋ ಗಾಯಕರ ನೆನಪಿನಲ್ಲಿ ನೆಲೆಸಿದ್ದವು. ಇಂಥ ನೆನಪು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಎಂಬ ವಿದ್ವಾಂಸರು 1930ರ ದಶಕದಿಂದ ಯುಗೊಸ್ಲಾವಿಯಾದ ಹಾಡುಗಾರರ ನಡುವೆ ಅಭ್ಯಾಸ ಮಾಡಿದರು. ಹಾಡುಗಾರ ಕಾವ್ಯವನ್ನು ಪದಪದವಾಗಿ ಬಾಯಿಪಾಠ ಮಾಡಿರುವುದಿಲ್ಲ. ಲಯಕ್ಕೆ ಒಗ್ಗಿದ ಸಿದ್ಧ ನುಡಿಗಟ್ಟುಗಳನ್ನೂ ಕಥೆಯ ಕಟ್ಟನ್ನೂ ಮೈಗೂಡಿಸಿಕೊಂಡು, ಪ್ರತಿ ಸಲವೂ ಹಾಡನ್ನು ಹೊಸದಾಗಿ ಕಟ್ಟುತ್ತಾನೆ ಎಂಬುದು ಅವರಿಗೆ ಕಂಡದ್ದು. ಗುರುವಿನ ಹಿಂದೆ ವರ್ಷಗಟ್ಟಲೆ ಸೊಲ್ಲು ಎತ್ತಿಕೊಡುತ್ತಾ, ತಪ್ಪಿದಲ್ಲಿ ತಿದ್ದಿಸಿಕೊಳ್ಳುತ್ತಾ ಬೆಳೆದ ವಿದ್ಯೆ ಇದು. ಇದೇ ಜಿಲ್ಲೆಯ ಯಳಂದೂರಿನಿಂದ ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಅರಮನೆಗೆ ಸೇರಿದ ಹೊನ್ನಮ್ಮ ಎಲೆಅಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಅಲ್ಲಿಯೇ ಅಳಸಿಂಗಾರ್ಯರಿಂದ ಪಾಠ ಹೇಳಿಸಿಕೊಂಡು ‘ಹದಿಬದೆಯ ಧರ್ಮ’ ಎಂಬ ಸಾಂಗತ್ಯ ಕಾವ್ಯ ಬರೆದಳು. ಅವಳ ಶಾಲೆ ಅವಳು ದುಡಿಯುತ್ತಿದ್ದ ಸ್ಥಳವೇ ಆಗಿತ್ತು.

ಬಾಲ್ಯ ದಾಟಿದ ಮಿದುಳು ಹೊಸದನ್ನು ಕಲಿಯುವುದಾದರೂ ಹೇಗೆ? ಮಿದುಳು ಎಳೆತನದಲ್ಲಿ ಹಸಿ ಮಣ್ಣಿನಂತೆ, ಪ್ರಾಯಕ್ಕೆ ಬಂದ ಮೇಲೆ ಸುಟ್ಟ ಮಡಕೆಯಂತೆ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನದ ಬಹುಭಾಗ ವಿಜ್ಞಾನದಲ್ಲಿಯೂ ಬಲವಾಗಿತ್ತು. ಈಗಿನ ಚಿತ್ರ ಬೇರೆ. ಮಿದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳ ಪೈಕಿ ಒಂದೊಂದೂ ಸಾವಿರಾರು ನೆರೆಕೋಶಗಳೊಡನೆ ನರಸಂಧಿಗಳ ಮೂಲಕ ಸಂಪರ್ಕದಲ್ಲಿರುತ್ತದೆ. ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1949ರಲ್ಲಿ ಊಹಿಸಿದಂತೆ, ಒಂದು ಕೋಶದ ಸಂಕೇತ ಇನ್ನೊಂದನ್ನು ಪದೇ ಪದೇ ಕೆರಳಿಸಿದರೆ ಅವೆರಡರ ನಡುವಣ ಸಂಧಿ ಬಲಗೊಳ್ಳುತ್ತದೆ. ಬಳಕೆ ನಿಂತ ಸಂಧಿ ಸೊರಗುತ್ತದೆ. ಜನ ನಡೆದಂತೆ ಕಾಲುದಾರಿ ಸವೆದು ಸ್ಪಷ್ಟವಾಗುವ ಹಾಗೆ, ನಡೆಯುವವರಿಲ್ಲದ ದಾರಿಯನ್ನು ಹುಲ್ಲು ಮುಚ್ಚುವ ಹಾಗೆ ಇದು. ಇಂಗ್ಲಿಷಿನಲ್ಲಿ ಪ್ಲಾಸ್ಟಿಸಿಟಿ ಎಂದು ಕರೆಯುವ ಈ ಗುಣಕ್ಕೆ ಕನ್ನಡದಲ್ಲಿ ನಮ್ಯತೆ ಎನ್ನುವುದುಂಟು. ವಯಸ್ಸಿನೊಂದಿಗೆ ನಮ್ಯತೆ ತಗ್ಗುತ್ತದೆ, ಆದರೆ ಬತ್ತುವುದಿಲ್ಲ. 2004ರಲ್ಲಿ ಜರ್ಮನಿಯ ಸಂಶೋಧಕರು ಯುವಜನರಿಗೆ ಮೂರು ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ಕೈಚಳಕ ಕಲಿಸಿ, ಮೂರು ತಿಂಗಳಲ್ಲಿ ಅವರ ಮಿದುಳಿನ ಬೂದುದ್ರವ್ಯ ಕೆಲವು ಭಾಗಗಳಲ್ಲಿ ಹೆಚ್ಚಿದ್ದನ್ನು ಚಿತ್ರಿಸಿದರು. ನಾಲ್ಕು ವರ್ಷಗಳ ತರುವಾಯ ಅರವತ್ತರ ಆಸುಪಾಸಿನವರ ಮೇಲೆ ನಡೆದ ಅಂಥದೇ ಪ್ರಯೋಗದಲ್ಲಿಯೂ ಬದಲಾವಣೆ ಕಂಡಿತು.

ಅಕ್ಷರ ಕಲಿಕೆಯ ಸಂಗತಿ ಇದಕ್ಕಿಂತ ಸೋಜಿಗದ್ದು. ಮಾತು ಮನುಷ್ಯಕುಲದಷ್ಟೇ ಹಳೆಯದಾಗಿರಬಹುದು. ಬರಹಕ್ಕೆ ಐದು ಸಾವಿರ ವರ್ಷಗಳಿಗೆ ತುಸು ಮೇಲ್ಪಟ್ಟ ವಯಸ್ಸು. ವಿಕಾಸದ ಗಡಿಯಾರದಲ್ಲಿ ಅದು ಕ್ಷಣಮಾತ್ರ; ಓದುವುದಕ್ಕೆಂದೇ ಮಿದುಳಿನಲ್ಲಿ ಒಂದು ಕೋಣೆ ಹುಟ್ಟಿಕೊಳ್ಳುವಷ್ಟು ಸಮಯವಲ್ಲ. ಹಾಗಿದ್ದರೂ ಓದು ಬಲ್ಲ ಬಹುತೇಕರ ಮಿದುಳಿನ ಎಡಭಾಗದಲ್ಲಿ, ಹಿಂಬದಿಯ ಕೆಳಗೆ, ಲಿಪಿಯನ್ನು ಕಂಡೊಡನೆ ಚುರುಕಾಗುವ ಒಂದು ಪುಟ್ಟ ತಾಣ ಸಿಗುತ್ತದೆ. ಮೊದಲು ಮುಖ ಮತ್ತು ವಸ್ತುಗಳ ಆಕಾರ ಗುರುತಿಸುವ ಕೆಲಸದಲ್ಲಿದ್ದ ಜಾಗವನ್ನು ಓದು ಬಾಡಿಗೆಗೆ ಹಿಡಿಯುತ್ತದೆ ಎಂಬುದು ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ಡೆಹೆನ್ ಅವರ ವಾದ. ಅವರ ತಂಡ 2010ರಲ್ಲಿ ಬ್ರೆಜಿಲ್ ಮತ್ತು ಪೋರ್ಚುಗಲ್‌ನ ವಯಸ್ಕರನ್ನು ಪರೀಕ್ಷಿಸಿದಾಗ, ದೊಡ್ಡವರಾದ ಮೇಲೆ ಓದು ಕಲಿತವರಲ್ಲಿಯೂ ಆ ತಾಣ ರೂಪುಗೊಂಡಿತ್ತು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಭಾರತದ್ದೇ. ಉತ್ತರ ಪ್ರದೇಶದ ಲಖನೌ ಬಳಿಯ ಹಳ್ಳಿಗಳ, ಹೆಚ್ಚಾಗಿ ಮೂವತ್ತರ ಪ್ರಾಯದ ಮಹಿಳೆಯರಿಗೆ ಆರು ತಿಂಗಳು ದೇವನಾಗರಿ ಕಲಿಸಿ, ಮೊದಲು ಮತ್ತು ನಂತರದ ಮಿದುಳು ಚಟುವಟಿಕೆಯನ್ನು ಹೋಲಿಸಲಾಯಿತು. ಮಿದುಳಿನ ಮೇಲ್ಪದರದಲ್ಲಿ ಮಾತ್ರ ಬದಲಾವಣೆ ನಿರೀಕ್ಷಿಸಿದ್ದವರಿಗೆ, ವಿಕಾಸದಲ್ಲಿ ತೀರ ಹಳೆಯವಾದ ಥಾಲಮಸ್ ಮತ್ತು ಮಿದುಳುಕಾಂಡದ ಭಾಗಗಳೂ ದೃಷ್ಟಿಯ ಮೇಲ್ಪದರದೊಂದಿಗೆ ಬಿಗಿಯಾಗಿ ಹೊಂದಿಕೊಂಡು ನಡೆಯಲಾರಂಭಿಸಿದ್ದು ಕಂಡಿತು. ಆರು ತಿಂಗಳ ‘ಕ, ಖ, ಗ’ ಅಷ್ಟು ಆಳಕ್ಕೆ ಇಳಿದಿತ್ತು.

ಕನ್ನಡದ ಲಿಪಿಯನ್ನು ಕಲಿಯುವವರ ಮುಂದಿರುವ ಕೆಲಸ ಸಣ್ಣದಲ್ಲ. ವರ್ಣಮಾಲೆಯಲ್ಲಿ ಐವತ್ತರಷ್ಟು ಅಕ್ಷರಗಳಿದ್ದರೂ, ಕಾಗುಣಿತ ಸೇರಿದಾಗ ಗುರುತಿಸಬೇಕಾದ ಆಕಾರಗಳು ನಾನೂರನ್ನು ದಾಟುತ್ತವೆ. ಅವುಗಳ ಮೇಲೆ ಒತ್ತಕ್ಷರಗಳು ಬೇರೆ. ಕನ್ನಡ ಶಾಲೆಗಳ ಮಕ್ಕಳನ್ನು ಅಭ್ಯಾಸ ಮಾಡಿದ ಸಂಶೋಧಕಿ ಸೋನಾಲಿ ನಾಗ್, ಈ ಅಕ್ಷರಸಮೂಹ ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಹಿಡಿಯುತ್ತವೆ ಎಂದು 2007ರಲ್ಲಿ ತೋರಿಸಿದರು. ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿಗೆ ಮಾಡಿದ ವೇಳಾಪಟ್ಟಿಯನ್ನು ಕನ್ನಡಕ್ಕೆ ಹೊದಿಸಲಾಗದು ಎಂಬುದು ಅದರ ಇಂಗಿತ. ಮಕ್ಕಳಿಗೇ ಇಷ್ಟು ಕಾಲ ಬೇಕಾದರೆ, ಹೊಲದ ಕೆಲಸ ಮುಗಿಸಿ ಸಂಜೆ ದೀಪದ ಕೆಳಗೆ ಕೂರುವ ವಯಸ್ಕರಿಗೆ ಕೆಲವು ತಿಂಗಳಲ್ಲಿ ಎಲ್ಲವೂ ಕೈಹತ್ತಲೆಂದು ಬಯಸುವುದು ಮಿದುಳಿನ ನಿಯಮಕ್ಕೆ ವಿರುದ್ಧವಾದ ಆತುರ.

ಆದರೂ ವಯಸ್ಕರ ಬಳಿ ಮಕ್ಕಳಿಗಿಲ್ಲದ ಒಂದು ಬಂಡವಾಳವಿದೆ. ಬುದ್ಧಿಶಕ್ತಿಗೆ ಎರಡು ಮುಖಗಳುಂಟು ಎಂದು ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ವಿಂಗಡಿಸಿದ್ದರು. ಅಪರಿಚಿತ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಶಕ್ತಿಯನ್ನು ಹರಿಯುವ ಬುದ್ಧಿ ಎನ್ನಬಹುದು. ಅನುಭವದಿಂದ ಕೂಡಿಟ್ಟ ಪದ, ಸಂಗತಿ, ವಿವೇಕಗಳ ರಾಶಿಯನ್ನು ಹರಳುಗಟ್ಟಿದ ಬುದ್ಧಿ ಎನ್ನಬಹುದು. ಹರಿಯುವ ಬುದ್ಧಿಯ ವೇಗ ಇಪ್ಪತ್ತರ ಹರೆಯದ ನಂತರವೇ ಮೆಲ್ಲಗೆ ಇಳಿಯತೊಡಗುತ್ತದೆ. ಹರಳುಗಟ್ಟಿದ ಬುದ್ಧಿ ಅರವತ್ತರವರೆಗೂ ಬೆಳೆಯಬಲ್ಲದು. ಜಿಲ್ಲೆಯ ತೆರಕಣಾಂಬಿಯ ಸಂತೆಯಲ್ಲಿ ಬಾಯಿಲೆಕ್ಕದಲ್ಲೇ ವ್ಯಾಪಾರ ಮುಗಿಸುವ ಹೆಂಗಸು ಅಕ್ಷರದ ತರಗತಿಗೆ ಬಂದಾಗ, ಅವಳಿಗೆ ಕನ್ನಡದ ಸಾವಿರಾರು ಪದಗಳು ಗೊತ್ತು, ಸಂಖ್ಯೆಯ ಮರ್ಮ ಗೊತ್ತು, ದರ ಏರಿಳಿಯುವ ಕಾರಣ ಗೊತ್ತು. ಗೊತ್ತಿಲ್ಲದ್ದು ಅವುಗಳ ಚಿತ್ರರೂಪ ಮಾತ್ರ. ಹೊಸದನ್ನು ನೇತುಹಾಕಲು ಗೂಟಗಳು ಆಗಲೇ ಇವೆ. ಅವಳಿಗೆ ಎದುರಾಗುವ ಅಡ್ಡಿಯೂ ಕೆಲವೊಮ್ಮೆ ಮಿದುಳಿನದಾಗಿರದೆ ಕಣ್ಣಿನದಾಗಿರುತ್ತದೆ. ನಲವತ್ತರ ಹೊತ್ತಿಗೆ ಕಣ್ಣಿನ ಮಸೂರ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುವ ಚಾಳೀಸು ಬಂದಿರುತ್ತದೆ. ಒಂದು ಜೊತೆ ಕನ್ನಡಕ ಎಷ್ಟೋ ಪಾಠಗಳಿಗಿಂತ ಹೆಚ್ಚು ಫಲ ಕೊಟ್ಟೀತು.

ಕಲಿತದ್ದು ಉಳಿಯುವುದು ಮತ್ತೊಂದು ಪ್ರಶ್ನೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಮರೆವಿನ ವಕ್ರರೇಖೆಯನ್ನು ಪ್ರಕಟಿಸಿದ. ಕಲಿತದ್ದರ ದೊಡ್ಡ ಪಾಲು ಮೊದಲ ಒಂದೆರಡು ದಿನಗಳಲ್ಲೇ ಜಾರುತ್ತದೆ. ಉಳಿದದ್ದು ಆಮೇಲೆ ನಿಧಾನವಾಗಿ ಕರಗುತ್ತದೆ. ಒಂದೇ ದಿನ ಹತ್ತು ಸಲ ಓದುವುದಕ್ಕಿಂತ, ಬಿಡುವು ಕೊಟ್ಟು ಹತ್ತು ದಿನ ಓದಿದರೆ ಈ ಜಾರುವಿಕೆ ಕುಗ್ಗುತ್ತದೆ. ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವ ಯತ್ನವೂ ನೆನಪನ್ನು ಗಟ್ಟಿ ಮಾಡುತ್ತದೆ. ನಿದ್ದೆಯಲ್ಲಿ ಮಿದುಳು ಹಗಲಿನ ಪಾಠವನ್ನು ಮತ್ತೆ ಓಡಿಸಿ ನೋಡುತ್ತದೆ. ವಯಸ್ಕರ ಶಿಕ್ಷಣದ ಹಳೆಯ ಕಾರ್ಯಕರ್ತರಿಗೆ ಈ ನಿಯಮ ಅನುಭವದಿಂದಲೇ ತಿಳಿದಿತ್ತು: ಓದಲು ಏನೂ ಸಿಗದ ಊರಿನಲ್ಲಿ ನವಸಾಕ್ಷರರು ಮತ್ತೆ ನಿರಕ್ಷರರಾಗುತ್ತಾರೆ. 1940ರ ದಶಕದಲ್ಲಿ ರೂಪುಗೊಂಡ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿಸುವುದರೊಂದಿಗೆ ನವಸಾಕ್ಷರರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನು ನಡೆಸಿದ್ದು ಆ ತಿಳಿವಳಿಕೆಯಿಂದಲೇ. ಗುಂಡ್ಲುಪೇಟೆಯ ನೆರೆಯ ನಂಜನಗೂಡಿನಲ್ಲಿ 1947ರಲ್ಲಿ ಅದರ ಮೊದಲ ವಿದ್ಯಾಪೀಠ ಶುರುವಾಯಿತು. ಹಳ್ಳಿಯ ಯುವಕರು ಅಲ್ಲಿ ತಂಗಿ ಬೇಸಾಯ, ಕಸುಬು, ಆರೋಗ್ಯ, ನಾಗರಿಕ ಬದುಕುಗಳ ಪಾಠ ಕಲಿಯುತ್ತಿದ್ದರು. ಇಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ ಎಂಬ ಹೆಸರು ಪಡೆದಿವೆ. ಮರೆವಿನ ರೇಖೆಯನ್ನು ಮೇಲೆತ್ತಿ ಹಿಡಿಯುವ ಸಲಕರಣೆಗಳೆಂದು ಅವನ್ನು ನೋಡಿದರೆ, ಅಲ್ಲಿನ ಒಂದು ದಿನಪತ್ರಿಕೆಯ ಬೆಲೆ ಸರಿಯಾಗಿ ಅರ್ಥವಾಗುತ್ತದೆ.

ಇಷ್ಟರಲ್ಲಿ ತಿದ್ದುವುದರ ಮೊದಲ ಅರ್ಥ ಮುಗಿಯಿತು. ಎರಡನೆಯ ಅರ್ಥಕ್ಕೆ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅಲ್ಲಿನ ಸೋಲಿಗ ಬುಡಕಟ್ಟಿನವರು ಪೋಡುಗಳೆಂಬ ಹಾಡಿಗಳಲ್ಲಿ ನೆಲೆಸಿ, ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಸಂಗ್ರಹಿಸಿ ಲ್ಯಾಂಪ್ಸ್ ಎಂಬ ಸಹಕಾರ ಸಂಘಗಳ ಮೂಲಕ ಮಾರಿ ಬದುಕಿದವರು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಅವರ ನಡುವೆ ಆಸ್ಪತ್ರೆಯನ್ನೂ ಶಾಲೆಯನ್ನೂ ಕಟ್ಟಿತು. 1990ರ ದಶಕದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಪರಿಸರ ವಿಜ್ಞಾನಿಗಳು ಅಲ್ಲಿ ಬೇರೂರಿ ಕೆಲಸ ಮಾಡತೊಡಗಿದರು. ಅವರನ್ನು ಕಾಡಿದ ಪ್ರಶ್ನೆ ನೆಲ್ಲಿಮರದ್ದು. ಕಾಯಿ ಕೀಳುವುದು ಹೆಚ್ಚಾದರೆ ಬೀಜ ಉಳಿಯದು, ಹೊಸ ಸಸಿ ಏಳದು, ಮರಗಳ ಸಂತತಿ ಕುಗ್ಗೀತು ಎಂಬ ಊಹೆ ಸಹಜವಾಗಿತ್ತು. ಮರಗಳ ಗಣತಿ, ಕಾಯಿಯ ಅಂದಾಜು, ಸಸಿಗಳ ಎಣಿಕೆ ವರ್ಷದಿಂದ ವರ್ಷಕ್ಕೆ ನಡೆಯಿತು. ಕೊಯ್ಲಿಗೆ ಮುನ್ನ ಫಸಲನ್ನು ಅಂದಾಜಿಸಿ, ಎಷ್ಟು ಕೀಳಬಹುದು, ಎಷ್ಟು ಬಿಡಬೇಕು ಎಂದು ದಾಖಲಿಸುವ ಕ್ರಮವನ್ನು ಸೋಲಿಗರೂ ವಿಜ್ಞಾನಿಗಳೊಂದಿಗೆ ಕಲಿತರು.

ಆದರೆ ನೆಲ್ಲಿಮರದ ಶತ್ರು ಬೇರೆಯದೇ ಎಂದು ಸೋಲಿಗ ಹಿರಿಯರು ಹೇಳುತ್ತಿದ್ದರು. ಅದನ್ನು ಅವರು ಉಪ್ಪಿಲು ಎಂದು ಕರೆಯುತ್ತಾರೆ. ಇದೊಂದು ಅರೆಪರಾವಲಂಬಿ ಸಸ್ಯ: ಹಸಿರೆಲೆಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ, ನೀರು ಮತ್ತು ಲವಣಗಳಿಗಾಗಿ ಇನ್ನೊಂದು ಮರದ ಕೊಂಬೆಯೊಳಗೆ ಬೇರು ತೂರಿಸುತ್ತದೆ. ಅಂಟಂಟಾದ ಅದರ ಬೀಜವನ್ನು ಹಣ್ಣು ತಿಂದ ಪುಟ್ಟ ಹಕ್ಕಿಗಳು ಮತ್ತೊಂದು ಕೊಂಬೆಗೆ ದಾಟಿಸುತ್ತವೆ. ಹೆಚ್ಚು ಉಪ್ಪಿಲು ಹಿಡಿದ ಮರ ಕಾಯಿ ಬಿಡುವುದನ್ನು ಕಡಿಮೆ ಮಾಡಿ, ಕೊನೆಗೆ ಒಣಗುತ್ತದೆ. ಹಿಂದೆ ಇದು ಇಷ್ಟಿರಲಿಲ್ಲ ಎಂದ ಸೋಲಿಗರು ಕಾರಣವನ್ನೂ ಹೇಳಿದರು. ಬೇಸಿಗೆ ಬಲಿಯುವ ಮುನ್ನ ಅವರು ಕಾಡಿನಲ್ಲಿ ತರಗೆಲೆಗೆ ಹಗುರವಾದ ಬೆಂಕಿ ಹಾಕುತ್ತಿದ್ದರು. ಅದಕ್ಕೆ ತರಗು ಬೆಂಕಿ ಎಂದು ಹೆಸರು. ನೆಲದ ಮಟ್ಟದಲ್ಲಿ ಓಡಿ ಆರುವ ಆ ಬೆಂಕಿ ಉಪ್ಪಿಲನ್ನೂ ಲಂಟಾನದ ಪೊದೆಯನ್ನೂ ಹತೋಟಿಯಲ್ಲಿಟ್ಟು, ಹೊಸ ಹುಲ್ಲಿಗೆ ಜಾಗ ಮಾಡಿಕೊಡುತ್ತಿತ್ತು. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ತರುವಾಯ ಬೆಂಕಿಗೆ ತಡೆ ಬಿತ್ತು.

2010ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನ, ಉಪ್ಪಿಲಿನ ಬಗ್ಗೆ ಸೋಲಿಗರು ಹೇಳುವುದನ್ನು ಕ್ಷೇತ್ರದ ಅಳತೆಗಳೊಂದಿಗೆ ಒರೆಗೆ ಹಚ್ಚಿ, ನೆಲ್ಲಿಮರದ ಅಳಿವು ಉಳಿವಿನ ಚರ್ಚೆಗೆ ಅವರ ತಿಳಿವಳಿಕೆ ಹೊಸ ದಾರಿ ತೋರಿಸಿದ್ದನ್ನು ದಾಖಲಿಸಿತು. ಲಂಟಾನದ ಬಗೆಗಿನ ಬೇರೊಂದು ಸಮೀಕ್ಷೆ 1997 ಮತ್ತು 2008ರ ನಡುವೆ ಆ ಪೊದೆ ಕಂಡುಬಂದ ಜಾಗಗಳು ಸರಿಸುಮಾರು ಎರಡು ಪಟ್ಟಾದದ್ದನ್ನು ತೋರಿಸಿತು. ಆ ತಂಡವೂ ಲಂಟಾನ ಹಬ್ಬಿದ ಇತಿಹಾಸವನ್ನು ಸೋಲಿಗರಿಂದ ಕೇಳಿ ಬರೆದುಕೊಂಡಿತು. ಕೀಳುವ ಕೈಯೇ ಮರದ ಮುಖ್ಯ ಅಪಾಯ ಎಂಬ ಮೊದಲ ಗೆರೆಯನ್ನು ಹೀಗೆ ತಿದ್ದಬೇಕಾಯಿತು. ಎಷ್ಟೋ ಸಲ ಆ ಕೈಯೇ ಕೊಯ್ಲಿನ ವೇಳೆ ಉಪ್ಪಿಲು ಹಿಡಿದ ರೆಂಬೆಯನ್ನು ಕಡಿದು ಮರವನ್ನು ಹಗುರ ಮಾಡುವ ಕೈಯೂ ಆಗಿತ್ತು.

ತಿದ್ದುವಿಕೆ ಒಂದೇ ದಿಕ್ಕಿನಲ್ಲಿ ನಡೆಯುವುದಿಲ್ಲ. ತರಗು ಬೆಂಕಿ ಎಲ್ಲ ಕಾಲಕ್ಕೂ ಒಪ್ಪುವ ಸೂತ್ರವೇನಲ್ಲ. ಲಂಟಾನ ದಟ್ಟವಾಗಿ ಹಬ್ಬಿದ ಕಾಡಿನಲ್ಲಿ ಬೆಂಕಿಯ ಸ್ವಭಾವವೇ ಬದಲಾಗಿದೆ. ಆಳೆತ್ತರಕ್ಕೆ ಒಣಗಿ ನಿಂತ ಪೊದೆಗೆ ತಗುಲಿದ ಕಿಡಿ ನೆಲದಲ್ಲಿ ಓಡಿ ಆರುವುದಿಲ್ಲ, ಮರದ ತಲೆಗೆ ಏರುತ್ತದೆ. ಹಳೆಯ ತಿಳಿವಳಿಕೆ ಹುಟ್ಟಿದ ಕಾಡು ಇಂದಿನ ಕಾಡಲ್ಲವಾದ್ದರಿಂದ ಅದೂ ಹೊಸ ಪರಿಸ್ಥಿತಿಯಲ್ಲಿ ಪರೀಕ್ಷೆಗೆ ಒಳಗಾಗಲೇಬೇಕು. ಸೋಲಿಗರೂ ಹೊಸದನ್ನು ಕಲಿತಿದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ತರಬೇತಿ ಪಡೆದು, ಬಿದಿರು ಬೆತ್ತಗಳ ಬದಲು ಅದೇ ಲಂಟಾನದ ಕಡ್ಡಿಗಳನ್ನು ಬೇಯಿಸಿ, ಸುಲಿದು, ಬಾಗಿಸಿ ಕುರ್ಚಿ, ಬುಟ್ಟಿಗಳನ್ನು ಮಾಡುವ ಕಸುಬನ್ನು ಕೈಗೆ ತಂದುಕೊಂಡಿದ್ದಾರೆ. ತಮ್ಮ ಕುಲಗಳ ಪವಿತ್ರ ತಾಣಗಳನ್ನು ಕಾಡಿನಲ್ಲಿ ಹುಡುಕಿ, ಉಪಗ್ರಹ ಸಂಕೇತದ ಉಪಕರಣ ಹಿಡಿದು ನಕ್ಷೆಗೆ ಏರಿಸುವಲ್ಲಿ ವಿಜ್ಞಾನಿಗಳ ಜೊತೆಗೂಡಿದ್ದಾರೆ. 2011ರಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು. ಕಾಡಿನ ಬಗ್ಗೆ ತಾವು ಬಲ್ಲದ್ದನ್ನು ಕಾಗದ ಮತ್ತು ನಕ್ಷೆಗಳ ಭಾಷೆಯಲ್ಲಿ ಹೇಳಬಲ್ಲವರು ಸಮುದಾಯದೊಳಗೇ ಇರುವುದು ಆಗ ಇನ್ನಷ್ಟು ಅಗತ್ಯವಾಯಿತು. ಆ ಸಮುದಾಯದಲ್ಲೇ ಹುಟ್ಟಿ ಬೆಳೆದ ಸಿ. ಮಾದೇಗೌಡರು ಡಾಕ್ಟರೇಟ್ ಪದವಿ ಪಡೆದು ಸಂಶೋಧಕರಾಗಿ ಅದೇ ಕಾಡಿನ ಬಗ್ಗೆ ಬರೆಯುತ್ತಿದ್ದಾರೆ.

ಹೊಲದಲ್ಲಿ ಇದೇ ಕ್ರಮಕ್ಕೆ ಸಂಸ್ಥೆಯ ರೂಪ ಸಿಕ್ಕಿದೆ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಚಾಮರಾಜನಗರದ ಕೇಂದ್ರ ಹರದನಹಳ್ಳಿ ಫಾರಂನಲ್ಲಿದೆ. ಅಲ್ಲಿನ ವಿಧಾನದ ಜೀವಾಳ ಪ್ರಾತ್ಯಕ್ಷಿಕೆ. ಅರಿಶಿನದ ಗೆಡ್ಡೆ ಕೊಳೆಯುವುದನ್ನು ತಡೆಯುವ ಉಪಾಯವಾಗಲಿ, ಬಾಳೆಯ ಹೊಸ ಪದ್ಧತಿಯಾಗಲಿ, ಅದನ್ನು ಭಾಷಣದಲ್ಲಿ ಹೇಳುವುದಕ್ಕಿಂತ ರೈತರ ಹೊಲದ ಒಂದು ಭಾಗದಲ್ಲಿಯೇ ಮಾಡಿ, ಪಕ್ಕದ ಹಳೆಯ ಕ್ರಮದ ಬೆಳೆಯೊಂದಿಗೆ ಹೋಲಿಸಿ ತೋರಿಸಲಾಗುತ್ತದೆ. ಹೊಸದು ಸೋತರೆ ಅದೂ ಎಲ್ಲರಿಗೂ ಕಾಣುತ್ತದೆ. ಪ್ರಯೋಗಾಲಯದ ಹೋಲಿಕೆ ಪ್ರಯೋಗಕ್ಕೂ ಈ ಅರ್ಧ ಎಕರೆಗೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ರೈತ ಚಳವಳಿಯ ನಾಯಕ ಎಂ.ಡಿ. ನಂಜುಂಡಸ್ವಾಮಿಯವರ ಕನಸಿನಂತೆ ಹೊಂಡರಬಾಳು ಬಳಿ ಬೆಳೆದ ಅಮೃತಭೂಮಿ, ವಿಜ್ಞಾನ ಕೇಂದ್ರಗಳ ಕೆಲವು ಉತ್ತರಗಳನ್ನು ಒಪ್ಪದೆ, ರೈತರು ರೈತರಿಂದಲೇ ನೈಸರ್ಗಿಕ ಕೃಷಿ ಕಲಿಯುವ ದಾರಿ ಹಿಡಿಯಿತು. ಎರಡು ಭಿನ್ನ ಉತ್ತರಗಳು ಒಂದೇ ಜಿಲ್ಲೆಯಲ್ಲಿ, ಒಂದೇ ಬಗೆಯ ಮಣ್ಣಿನಲ್ಲಿ ಕಣ್ಣಿಗೆ ಬೀಳುವುದು ಕಲಿಯುವವರಿಗೆ ಲಾಭವೇ. ದೂರಶಿಕ್ಷಣಕ್ಕೆ 1996ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ, 2023ರಲ್ಲಿ ಜಿಲ್ಲೆಗೇ ಬಂದ ಚಾಮರಾಜನಗರ ವಿಶ್ವವಿದ್ಯಾಲಯವೂ ಈ ಸಾಲಿಗೆ ಸೇರಿವೆ.

ಕಲಿಕೆಯ ಪ್ರಯೋಜನ ಬೆಳೆ ಮತ್ತು ಸಂಬಳಗಳಲ್ಲಿ ಮುಗಿಯುವುದಿಲ್ಲ. ವೃದ್ಧಾಪ್ಯದಲ್ಲಿ ನೆನಪು ಮತ್ತು ವಿವೇಚನೆಗಳು ಅಳಿಯುವ ಡಿಮೆನ್ಶಿಯಾಕ್ಕೆ ತಡೆಯಬಹುದಾದ ಕಾರಣಗಳನ್ನು ಪಟ್ಟಿ ಮಾಡಿದ ಲ್ಯಾನ್ಸೆಟ್ ಆಯೋಗ, ಬಾಲ್ಯದ ಶಿಕ್ಷಣದ ಕೊರತೆಯನ್ನು ಅವುಗಳಲ್ಲಿ ಒಂದೆಂದು ಎಣಿಸಿದೆ. ಆಯುಷ್ಯದುದ್ದಕ್ಕೂ ಬಳಸಿ ಬೆಳೆಸಿದ ಮಿದುಳಿಗೆ ಒಂದು ಬಗೆಯ ಇಡುಗಂಟು ಇರುತ್ತದೆ. ಕೆಲವು ದಾರಿಗಳು ಮುಚ್ಚಿಹೋದರೂ ಬಳಸುದಾರಿಗಳು ಉಳಿದಿರುತ್ತವೆ ಎಂಬುದು ಇದರ ವಿವರಣೆ. ನರವೈದ್ಯೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದನ್ನು 2013ರಲ್ಲಿ ವರದಿ ಮಾಡಿದರು. ಅಕ್ಷರ ಬಾರದವರಲ್ಲಿಯೂ ಈ ಅಂತರ ಇತ್ತು. ಬೇರೆಡೆಯ ಎಲ್ಲ ಅಧ್ಯಯನಗಳಲ್ಲಿ ಇದೇ ಫಲಿತಾಂಶ ಬಂದಿಲ್ಲವಾದ್ದರಿಂದ ವಾದ ಇನ್ನೂ ನಡೆದಿದೆ. ಆದರೂ ಕನ್ನಡ, ತಮಿಳು, ಮಲಯಾಳ, ಉರ್ದುಗಳು ಒಂದೇ ತಕ್ಕಡಿಯ ಸುತ್ತ ಕೇಳಿಬರುವ ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯನ್ನು ಈ ಬೆಳಕಿನಲ್ಲಿ ನೋಡಿದರೆ, ಅಲ್ಲಿ ತರಕಾರಿಯ ಜೊತೆಗೆ ಮಿದುಳಿನ ವ್ಯಾಯಾಮವೂ ಸದ್ದಿಲ್ಲದೆ ನಡೆಯುತ್ತಿದೆ ಎನ್ನಿಸುತ್ತದೆ.

ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಗ್ರಹಿಸಿದ ಕೀಟಗಳ ನಡುವೆ ಏಟ್ರೀ ಸಂಸ್ಥೆಯ ಕೀಟಶಾಸ್ತ್ರಜ್ಞರಿಗೆ ಕೆಲವು ವರ್ಷಗಳ ಹಿಂದೆ ಒಂದು ಕಣಜ ಸಿಕ್ಕಿತು. ತಿಳಿದಿರುವ ಯಾವ ಕುಲಕ್ಕೂ ಅದು ಹೊಂದಲಿಲ್ಲ. ಹೊಸ ಕುಲವೊಂದನ್ನು ರಚಿಸಿ, ಅದಕ್ಕೆ ಅವರು ‘ಸೋಲಿಗ’ ಎಂದು ಹೆಸರಿಟ್ಟರು. ಆ ಕಣಜ ಈಗ ಜಗತ್ತಿನ ವೈಜ್ಞಾನಿಕ ದಾಖಲೆಗಳಲ್ಲಿ ಸೋಲಿಗ ಎಕರಿನಾಟ. ಕಾಡಿನ ಗಿಡಮರಗಳಿಗೆಲ್ಲ ಹೆಸರು ಬಲ್ಲ ಜನರ ಹೆಸರು ಹೀಗೆ ಕಾಡಿನ ಒಂದು ಜೀವಿಗೆ ಬಂದಿದೆ. ವರ್ಗೀಕರಣ ಶಾಸ್ತ್ರದ ರೂಢಿಯಂತೆ, ಹೊಸ ಪುರಾವೆ ಸಿಕ್ಕ ದಿನ ಆ ಪುಟ್ಟ ಕಣಜದ ಸ್ಥಾನ ಬದಲಾಗಲೂಬಹುದು. ತಿದ್ದುವುದಕ್ಕೆ ಜಾಗ ಬಿಟ್ಟೇ ವಿಜ್ಞಾನ ಹೆಸರಿಡುತ್ತದೆ.